ಎರಡು ಪತ್ರ ಹೊತ್ತು ಬರುವವರು

ಹೊಸದಾಗಿ ನೇಮಕಗೊಂಡ ವಿದೇಶಿ ರಾಯಭಾರಿ ದೆಹಲಿಯ ರಾಷ್ಟ್ರಪತಿ ಭವನಕ್ಕೆ ಬರುವಾಗ ಸಾಮಾನ್ಯವಾಗಿ ಎರಡು ಪತ್ರ ತರುತ್ತಾರೆ. ಒಂದು, ಅವರ ದೇಶದ ಮುಖ್ಯಸ್ಥರು ನಮ್ಮ ರಾಷ್ಟ್ರಪತಿಗೆ ಬರೆದ ಅಧಿಕಾರಪತ್ರ. ಈ ವ್ಯಕ್ತಿ ಆಡುವ ಮಾತನ್ನು ನಮ್ಮದೇ ಮಾತೆಂದು ನಂಬಿ ಎಂಬ ಕೋರಿಕೆ ಅದರಲ್ಲಿರುತ್ತದೆ. ಇನ್ನೊಂದು, ಹಿಂದೆ ಇದ್ದವರನ್ನು ವಾಪಸು ಕರೆಸಿಕೊಂಡಿದ್ದೇವೆ ಎಂದು ತಿಳಿಸುವ ಪತ್ರ. ಹಿಂದಿನವರು ಆಗಲೇ ಊರು ಬಿಟ್ಟಿರುತ್ತಾರೆ. ಅವರ ಅವಧಿ ಮುಗಿಯಿತೆಂಬ ಕಾಗದ ಮಾತ್ರ ಮುಂದಿನವರ ಕೈಯಲ್ಲಿ ಬರುತ್ತದೆ.

ಈ ಪದ್ಧತಿ ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿದೆ. ತನ್ನ ಕೆಲಸ ಶುರುವಾಗುವ ಗಳಿಗೆಯಲ್ಲೇ ಇನ್ನೊಬ್ಬರ ಕೆಲಸದ ಕೊನೆಯನ್ನು ಕೈಯಾರೆ ಒಪ್ಪಿಸಬೇಕು. ತನ್ನ ಕೊನೆಯನ್ನು ಹೀಗೆ ಹೊತ್ತು ತರುವವರು ಈಗ ಯಾವ ದೇಶದಲ್ಲಿ ಕೂತು ಯಾವ ಕಡತ ತಿರುವುತ್ತಿದ್ದಾರೋ ಯಾರಿಗೂ ತಿಳಿಯದು. ಬರುವುದಂತೂ ಖಂಡಿತ. ಅಧಿಕಾರ ಕೊಡುವ ವಿಧಿಯೊಳಗೇ ಅಧಿಕಾರ ಕಳಚುವುದನ್ನೂ ಸೇರಿಸಿಟ್ಟವರು ಮನುಷ್ಯನನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ರಾಷ್ಟ್ರಪತಿ ಭವನದಲ್ಲಿ ಈ ವಿಧಿ ನಡೆಯುತ್ತ ಬಂದ ಅಶೋಕ ಹಾಲ್ ಕೂಡ ಮೊದಲು ವೈಸರಾಯ್‌ಗಳ ನೃತ್ಯಶಾಲೆಯಾಗಿತ್ತು. 2024ರಲ್ಲಿ ಅದರ ಹೆಸರು ಅಶೋಕ ಮಂಟಪವಾಯಿತು. ಜಾಗದಂತೆ ಮನುಷ್ಯರ ಪಾತ್ರವೂ ಬದಲಾಗುತ್ತದೆ. ಮೈಸೂರಿನಲ್ಲಿ 1918ರಿಂದ 1921ರವರೆಗೆ ತತ್ತ್ವಶಾಸ್ತ್ರ ಕಲಿಸಿದ ರಾಧಾಕೃಷ್ಣನ್ 1949ರಲ್ಲಿ ಭಾರತದ ರಾಯಭಾರಿಯಾಗಿ ಮಾಸ್ಕೋಗೆ ಹೋದರು. ಅಲ್ಲಿ ಪತ್ರ ಒಪ್ಪಿಸಿದ ಅವರೇ 1962ರಿಂದ 1967ರವರೆಗೆ ರಾಷ್ಟ್ರಪತಿಯಾಗಿ ಬೇರೆ ದೇಶಗಳ ರಾಯಭಾರಿಗಳಿಂದ ಪತ್ರ ಸ್ವೀಕರಿಸಿದರು. ಕೊಡುವ ಜಾಗ, ತೆಗೆದುಕೊಳ್ಳುವ ಜಾಗ ಎರಡೂ ಅವರ ಪಾಲಿಗೆ ಕೆಲವು ವರ್ಷಗಳ ವಾಸವಷ್ಟೇ ಆಯಿತು.

ಪತ್ರಿಕೆಗಳಲ್ಲಿ ಈ ನೇಮಕಗಳಿಗೆ ಸಿಗುವುದು ನಾಲ್ಕು ಸಾಲು. ಇಂಥವರು ಇಂಥ ದೇಶಕ್ಕೆ ಹೊಸ ರಾಯಭಾರಿ, ಶೀಘ್ರದಲ್ಲೇ ಅಧಿಕಾರ ವಹಿಸಿಕೊಳ್ಳುವ ನಿರೀಕ್ಷೆ. ಆ ನಾಲ್ಕು ಸಾಲಿನ ಹಿಂದೆ ಒಂದು ಮನೆಯವರು ಕಟ್ಟಿದ ಗಂಟುಮೂಟೆಯಿದೆ. ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ ಶಾಲೆ ಬದಲಿಸುವ ಮಕ್ಕಳಿದ್ದಾರೆ. ಯಾವ ಊರಿನವರು ಎಂದು ಕೇಳಿದರೆ ಒಂದು ಗಳಿಗೆ ತಡವರಿಸುವ ಮಕ್ಕಳು ಅವರು. ನೌಕರಿಯ ಆಸೆಯನ್ನು ಬದಿಗಿಟ್ಟು ಜೊತೆಗೆ ಹೊರಟ ಹೆಂಡತಿಯೋ ಗಂಡನೋ ಇದ್ದಾರೆ. ಕಚೇರಿಯಲ್ಲೇ ಉಳಿಯುವವರು ಆ ಊರಿನ ಗುಮಾಸ್ತರು, ಡ್ರೈವರುಗಳು, ಅಡುಗೆಯವರು. ಬರುವ ಸಾಹೇಬರಿಗೆ ಊರಿನ ದಾರಿ ಕಲಿಸುವವರೂ ಅವರೇ, ಹೋಗುವವರ ಸಾಮಾನು ಕಟ್ಟುವವರೂ ಅವರೇ. ರಾಯಭಾರ ಕಚೇರಿಯ ನೆನಪು ಎಂಬುದೊಂದಿದ್ದರೆ ಅದು ಬಹುಪಾಲು ಇವರ ತಲೆಯಲ್ಲಿರುತ್ತದೆ. ಅವರ ಹೆಸರು ಮಾತ್ರ ಆ ನಾಲ್ಕು ಸಾಲಿನಲ್ಲಿ ಎಂದೂ ಬರುವುದಿಲ್ಲ. ಇದು ನನಗೆ ಸರಿಯೆನಿಸಿಲ್ಲ.

ಹಿಂದೆ ಇದೇ ರಾಯಭಾರಿಗಳು ತಮ್ಮ ದೊರೆಯ ಹಿರಿಮೆ ಶಾಶ್ವತವೆಂದು ನಂಬಿ ರಕ್ತ ಹರಿಸಿದ್ದುಂಟು. 1661ರಲ್ಲಿ ಲಂಡನ್ನಿನಲ್ಲಿ ಸ್ವೀಡನ್ನಿನ ಹೊಸ ರಾಯಭಾರಿಯನ್ನು ಎದುರುಗೊಳ್ಳುವ ಮೆರವಣಿಗೆಯಲ್ಲಿ ಯಾರ ಗಾಡಿ ಮುಂದಿರಬೇಕೆಂದು ಸ್ಪೇನಿನವರಿಗೂ ಫ್ರಾನ್ಸಿನವರಿಗೂ ಕಾಳಗವೇ ನಡೆಯಿತು. ಕುದುರೆಗಳು ಸತ್ತವು, ಜನರೂ ಸತ್ತರು. 1815ರ ವಿಯೆನ್ನಾ ಸಮಾವೇಶ ಇಂಥ ಜಗಳಕ್ಕೆ ಕಂಡುಕೊಂಡ ಪರಿಹಾರ ಸರಳವಾಗಿತ್ತು: ಸಮಾನ ದರ್ಜೆಯವರಲ್ಲಿ ಯಾರು ಮೊದಲು ಬಂದರೋ ಅವರು ಮುಂದೆ. 1961ರ ವಿಯೆನ್ನಾ ಒಪ್ಪಂದದಲ್ಲೂ ಅದೇ ನಿಯಮ ಉಳಿಯಿತು. ಸಾಮ್ರಾಜ್ಯಗಳು ತೀರ್ಮಾನಿಸಲಾಗದ್ದನ್ನು ಕ್ಯಾಲೆಂಡರು ತೀರ್ಮಾನಿಸಿತು. ಪುಟ್ಟ ದೇಶದ ರಾಯಭಾರಿ ಹೆಚ್ಚು ಕಾಲ ಉಳಿದರೆ ಸಾಲಿನ ಮೊದಲಿಗೆ ಅವರೇ. ಹೊರಟ ದಿನ ಆ ಜಾಗ ಸಾಲಿನಲ್ಲಿ ಅವರ ಹಿಂದೆ ನಿಂತವರಿಗೆ. ಅದನ್ನು ಗೆಲ್ಲಲೂ ಆಗದು, ಮಕ್ಕಳಿಗೆ ಬಿಟ್ಟುಹೋಗಲೂ ಆಗದು.

ನಮ್ಮ ನೆಲದಿಂದ ಹೊರಟ ಒಂದು ನಿಯೋಗ ಈ ವಿಷಯ ಬಂದಾಗಲೆಲ್ಲ ನೆನಪಾಗುತ್ತದೆ. ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನ್ ಇಂಗ್ಲಿಷರ ವಿರುದ್ಧ ನೆರವು ಕೋರಿ ಫ್ರಾನ್ಸಿಗೆ ಮೂವರು ರಾಯಭಾರಿಗಳನ್ನು ಕಳಿಸಿದ: ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. ತಿಂಗಳುಗಟ್ಟಲೆ ಸಮುದ್ರ ದಾಟಿ 1788ರ ಜೂನ್‌ನಲ್ಲಿ ತೂಲೋನ್ ಬಂದರಿನಲ್ಲಿ ಇಳಿದರು. ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ಹದಿನಾರನೇ ಲೂಯಿ ಅವರನ್ನು ಬರಮಾಡಿಕೊಂಡ. ಅವರು ಹೋದಲ್ಲೆಲ್ಲ ಜನ ಮುತ್ತುತ್ತಿದ್ದರು. ಕಲಾವಿದೆ ವಿಜೆ ಲ ಬ್ರೂನ್ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. ಸೆವ್ರ್ ಕಾರ್ಖಾನೆಯ ಪಿಂಗಾಣಿ ಸಾಮಾನು ಉಡುಗೊರೆಯಾಗಿ ಸಿಕ್ಕಿತು. ಕೇಳಿಹೋಗಿದ್ದ ಸೈನಿಕ ಒಪ್ಪಂದ ಮಾತ್ರ ಸಿಗಲಿಲ್ಲ.

ಮುಂದಿನ ವರ್ಷ ಬಾಸ್ತೀ ಕೋಟೆ ಬಿತ್ತು. ದರ್ಬಾರು ನಡೆದು ಸರಿಯಾಗಿ ನಾಲ್ಕು ವರ್ಷಕ್ಕೆ, 1792ರ ಅದೇ ಆಗಸ್ಟ್ 10ರಂದು, ಪ್ಯಾರಿಸ್ಸಿನ ಜನ ತುಯಿಲರಿ ಅರಮನೆಗೆ ನುಗ್ಗಿದರು. ಲೂಯಿಯ ಆಳ್ವಿಕೆ ಅಂದಿಗೆ ಮುಗಿಯಿತು. 1793ರ ಜನವರಿಯಲ್ಲಿ ಅವನ ತಲೆ ಹೋಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಟಿಪ್ಪು ಮಡಿದ. ಪತ್ರ ಬರೆದವನಿಲ್ಲ, ಪಡೆದವನಿಲ್ಲ, ಅವರ ಸಿಂಹಾಸನಗಳೂ ಇಲ್ಲ. ಆ ದರ್ಬಾರಿನಲ್ಲಿ ತಲೆಬಾಗಿ ನಿಂತ ಮೂವರಲ್ಲಿ ಯಾರಿಗಾದರೂ, ನಾವು ಯಾರ ಪರವಾಗಿ ಯಾರೊಡನೆ ಮಾತಾಡುತ್ತಿದ್ದೇವೋ ಆ ಇಬ್ಬರ ಕಾಲಡಿಯ ನೆಲವೂ ಜಾರುತ್ತಿದೆ ಎಂಬ ಸುಳಿವು ಸಿಕ್ಕಿತ್ತೇ? ಸಿಕ್ಕಿದ್ದರೂ ಅವರು ಮಾಡಬೇಕಾಗಿದ್ದದ್ದು ಅದೇ ಕೆಲಸ: ನಿಲ್ಲುವುದು, ಹೇಳಿಕಳಿಸಿದ್ದನ್ನು ಹೇಳುವುದು, ಕೇಳಿದ್ದನ್ನು ತಪ್ಪದೆ ಹೊತ್ತು ತರುವುದು.

1961ರ ಆ ಒಪ್ಪಂದದ 39ನೇ ವಿಧಿಯನ್ನು ನಾನು ಕಾನೂನಿನಂತೆ ಓದಲಾರೆ. ರಾಜತಾಂತ್ರಿಕನ ಕೆಲಸ ಮುಗಿದು ಅವನು ದೇಶ ಬಿಟ್ಟಾಗ, ಅವನ ರಿಯಾಯಿತಿಗಳೆಲ್ಲ ಅಲ್ಲಿಗೆ ಮುಗಿಯುತ್ತವೆ. ಆದರೆ ರಾಯಭಾರ ಕಚೇರಿಯ ಕೆಲಸವೆಂದು ಅವನು ಮಾಡಿದ್ದಕ್ಕೆ ಇರುವ ರಕ್ಷಣೆ ಅವನು ಹೋದ ಮೇಲೂ ಮುಂದುವರಿಯುತ್ತದೆ. ತನಗಾಗಿ ಅನುಭವಿಸಿದ್ದೆಲ್ಲ ಗಡಿಯಲ್ಲಿ ಕಳಚಿತು, ಇನ್ನೊಬ್ಬರ ಪರವಾಗಿ ಮಾಡಿದ್ದು ಉಳಿಯಿತು. ಕರ್ಮದ ಬಗ್ಗೆ ನಮ್ಮ ಹಿರಿಯರು ಎಷ್ಟೋ ಬರೆದಿದ್ದಾರೆ. ಒಂದು ಅಂತರರಾಷ್ಟ್ರೀಯ ಒಪ್ಪಂದದ ಒಣ ಗದ್ಯದಲ್ಲಿ ಅದರ ನೆರಳು ಕಂಡಾಗ ನಾನು ಪುಸ್ತಕ ಮುಚ್ಚಿ ತುಸು ಹೊತ್ತು ಸುಮ್ಮನೆ ಕೂತೆ.

ಹಾಗಾದರೆ ಜನ ಬಂದುಹೋಗುತ್ತಾರೆ, ಹುದ್ದೆ ಉಳಿಯುತ್ತದೆ ಎನ್ನೋಣವೇ? ಅಷ್ಟು ಸುಲಭವಾಗಿ ಹೇಳಲು ಎಸ್ತೋನಿಯಾದ ಎರ್ನ್ಸ್ತ್ ಯಾಕ್ಸನ್ ಬಿಡುವುದಿಲ್ಲ. 1905ರಲ್ಲಿ ಹುಟ್ಟಿದ ಅವರು ಹರೆಯದಲ್ಲೇ ತಮ್ಮ ಪುಟ್ಟ ಗಣರಾಜ್ಯದ ವಿದೇಶ ಸೇವೆಗೆ ಸೇರಿದ್ದರು. 1940ರಲ್ಲಿ ಸೋವಿಯತ್ ಒಕ್ಕೂಟ ಆ ದೇಶವನ್ನು ನುಂಗಿತು. ಅದನ್ನು ಒಪ್ಪುವುದಿಲ್ಲವೆಂದು ಅಮೆರಿಕ ಅದೇ ವರ್ಷದ ಜುಲೈ 23ರಂದು ಸಾರಿದ್ದರಿಂದ ನ್ಯೂಯಾರ್ಕಿನ ಎಸ್ತೋನಿಯಾ ಕಾನ್ಸುಲೇಟು ಬಾಗಿಲು ಹಾಕಲಿಲ್ಲ. 1965ರಲ್ಲಿ ಅಲ್ಲಿನ ಮೇಲಧಿಕಾರಿ ತೀರಿಕೊಂಡಾಗ ಹೊಣೆ ಯಾಕ್ಸನ್ ಅವರ ಹೆಗಲಿಗೆ ಬಂತು. ಭೂಪಟದಲ್ಲಿ ಇಲ್ಲದ ದೇಶದ ಪಾಸ್‌ಪೋರ್ಟುಗಳನ್ನು ದೇಶಭ್ರಷ್ಟರಿಗೆ ಕೊಡುತ್ತ ಅವರು ಕೂತರು. ಅವರನ್ನು ನೇಮಿಸಬೇಕಾದ ಸರಕಾರವಿರಲಿಲ್ಲ, ವರ್ಗ ಮಾಡುವ ಸಚಿವಾಲಯವಿರಲಿಲ್ಲ, ಬದಲಿಗೆ ಬರುವವರೂ ಇರಲಿಲ್ಲ. ಇಲ್ಲಿ ಅಳಿದದ್ದು ರಾಜ್ಯ, ಉಳಿದವನು ಮನುಷ್ಯ. ಹೊರಗಿನಿಂದ ನೋಡಿದರೆ ಇದಕ್ಕಿಂತ ಸ್ಥಿರವಾದ ಹುದ್ದೆ ಇನ್ನೊಂದಿಲ್ಲ. ಆ ಸ್ಥಿರತೆ ಎಂಥ ಸಂಕಟದ್ದು! ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವ ಬದುಕನ್ನು ನಾವು ಅನಿತ್ಯವೆಂದು ಮರುಗುತ್ತೇವೆ. ದೇಶಕ್ಕೆ ಜೀವವಿದ್ದರೆ ಮಾತ್ರ ಅಂಥ ವರ್ಗಾವಣೆಗಳು ಸಾಧ್ಯ ಎಂಬುದನ್ನು ಯಾಕ್ಸನ್ ಅವರಷ್ಟು ಬಲ್ಲವರು ಕಡಿಮೆ.

1991ರ ಆಗಸ್ಟ್ 20ರಂದು ಎಸ್ತೋನಿಯಾ ಮತ್ತೆ ಸ್ವತಂತ್ರವಾಯಿತು. ಆ ದೇಶ ತನ್ನ ರಾಯಭಾರಿಯೆಂದು ಅಮೆರಿಕಕ್ಕೆ ಹೆಸರಿಸಿದ್ದು ಎಂಬತ್ತು ದಾಟಿದ ಯಾಕ್ಸನ್ ಅವರನ್ನು. ಎರಡು ವರ್ಷದ ನಂತರ, 1993ರಲ್ಲಿ, ಬೇರೆಲ್ಲ ದೇಶಗಳು ಮಾಡುವಂತೆ ಎಸ್ತೋನಿಯಾವೂ ಒಂದು ಸಾಮಾನ್ಯ ನೇಮಕ ಮಾಡಿತು. ಯಾಕ್ಸನ್ ಅವರ ಜಾಗಕ್ಕೆ ತೋಮಸ್ ಹೆಂಡ್ರಿಕ್ ಇಲ್ವೆಸ್ ಎಂಬ ನಲವತ್ತರ ಆಸುಪಾಸಿನ ಹೊಸ ರಾಯಭಾರಿ ಬಂದರು.