ಸೋವಿ ಎಣ್ಣೆ, ತುಟ್ಟಿ ಎಣ್ಣೆ

ಎಣ್ಣೆ ಅಂದಕೂಡಲೇ ಶನಿವಾರದ ಸಂಜೆ ನೆನಪಾದವರು ಸ್ವಲ್ಪ ತಡೀರಿ. ಇದು ಗಾಡಿಗೆ ಹಾಕುವ ಎಣ್ಣೆಯ ವಿಷಯ. ಗಾಡಿ ಇಲ್ಲದವರೂ ಓದಬಹುದು, ಯಾಕಂದ್ರೆ ನನ್ನ ಪ್ರಶ್ನೆ ಇಷ್ಟೇ: ಒಂದು ವಸ್ತುವನ್ನ ಚೆನ್ನಾಗಿ ನೋಡ್ಕೋಬೇಕು ಅಂದ್ರೆ ಅದಕ್ಕೆ ಎಷ್ಟು ಖರ್ಚು ಮಾಡಬೇಕು? ಕಡಿಮೆ ಖರ್ಚು ಮಾಡೋನು ಜುಗ್ಗನೋ, ಜಾಣನೋ? ಹೆಚ್ಚು ಖರ್ಚು ಮಾಡೋನಿಗೆ ನಿಜವಾಗಿ ಕಾಳಜಿ ಇದೆಯೋ, ಅಥವಾ ಕಾಳಜಿ ಮಾಡೋ ಕೆಲಸದಿಂದ ದುಡ್ಡು ಕೊಟ್ಟು ಬಿಡಿಸ್ಕೊಂಡಿದಾನೋ?

ನನ್ನ ಹತ್ತಿರ ಇರೋದು ತೊಂಬತ್ತರ ದಶಕದ ಬುಲೆಟ್ 350. ಬಲಗಾಲಿಗೆ ಗೇರ್, ಎಡಗಾಲಿಗೆ ಬ್ರೇಕ್. ಈ ಹಳೆ ಬೀಡುಕಬ್ಬಿಣದ ಇಂಜಿನ್ನಿನ ವಿಶೇಷ ಏನಂದ್ರೆ, ಇದಕ್ಕೆ ಮೂರು ಕಡೆ ಬೇರೆ ಬೇರೆ ಎಣ್ಣೆ ಹಾಕಬೇಕು. ಇಂಜಿನ್ನಿಗೆ ಒಂದು, ಗೇರ್‌ಬಾಕ್ಸಿಗೆ ಒಂದು, ಪ್ರೈಮರಿ ಚೈನು ಮತ್ತು ಕ್ಲಚ್ ಇರುವ ಎಡಗಡೆಯ ಡಬ್ಬಿಗೆ ಇನ್ನೊಂದು. ನಿಮ್ಮ ಸ್ಪ್ಲೆಂಡರ್‌ನಲ್ಲಿ ಅಥವಾ 2008ರ ನಂತರ ಬಂದ ಹೊಸ ಮಾದರಿ ಇಂಜಿನ್ನಿನ ಬುಲೆಟ್‌ಗಳಲ್ಲಿ ಒಂದೇ ಎಣ್ಣೆ ಈ ಮೂರೂ ಕೆಲಸ ಮಾಡುತ್ತೆ. ಹಳೆ ಬುಲೆಟ್ ಇಟ್ಕೊಂಡವರು ಮಾತ್ರ ಅಂಗಡಿಗೆ ಹೋದಾಗಲೆಲ್ಲ ಮೂರು ಸಲ ಯೋಚನೆ ಮಾಡ್ಬೇಕು. ಆ ಯೋಚನೆಯಿಂದಲೇ ಈ ಬರಹ ಹುಟ್ಟಿದ್ದು.

ಹುಬ್ಬಳ್ಳಿಯ ಯಾವುದೇ ಆಯಿಲ್ ಅಂಗಡಿಯಲ್ಲಿ ನಿಂತು ನೋಡ್ರಿ. ಒಂದೇ ಗಾತ್ರದ ಎರಡು ಡಬ್ಬಿ, ಒಂದರ ಬೆಲೆ ಇನ್ನೊಂದರ ಎರಡು ಪಟ್ಟು, ಕೆಲವು ಸಲ ಮೂರು ಪಟ್ಟು. "ಸೋವಿದು ಕೊಡ್ಲ್ಯಾ, ಛಲೋದು ಕೊಡ್ಲ್ಯಾ ಸರ?" ಅಂತ ಅಂಗಡಿಯವರು ಕೇಳ್ತಾರೆ. ಈ ಪ್ರಶ್ನೆಯಲ್ಲೇ ಒಂದು ತೀರ್ಪು ಅಡಗಿದೆ. ಸೋವಿ ಅಂದ್ರೆ ಛಲೋ ಅಲ್ಲ, ತುಟ್ಟಿ ಅಂದ್ರೆ ಛಲೋ. ಕುತ್ತಿಗೆಗೆ ಐಡಿ ಕಾರ್ಡ್ ನೇತು ಹಾಕ್ಕೊಂಡು ಹೋದವನು "ಸೋವಿದು ಕೊಡ್ರಿ" ಅನ್ನೋಕೆ ಸ್ವಲ್ಪ ಧೈರ್ಯ ಬೇಕು.

ಆದರೆ ಎಣ್ಣೆಯ ಡಬ್ಬಿ ಮೇಲೆ ಬೆಲೆಯ ಜೊತೆ ಇನ್ನೂ ಕೆಲವು ಅಕ್ಷರ ಇರುತ್ತವೆ. 20ಡಬ್ಲ್ಯು-50 ಅಂದ್ರೆ, ಡಬ್ಲ್ಯು ಅಕ್ಷರ ಚಳಿಗಾಲದ್ದು. ಅದರ ಹಿಂದಿನ ಅಂಕಿ, ಚಳಿಯಲ್ಲಿ ಎಣ್ಣೆ ಎಷ್ಟು ಗಟ್ಟಿಯಾಗುತ್ತೆ ಅನ್ನೋದರ ಗುರುತು. ಮುಂದಿನ ಅಂಕಿ 100 ಡಿಗ್ರಿ ಬಿಸಿಯಲ್ಲಿ ಅದು ಎಷ್ಟು ದಪ್ಪ ಉಳಿಯುತ್ತೆ ಅನ್ನೋದರದ್ದು. 20ಡಬ್ಲ್ಯು ಎಣ್ಣೆಯನ್ನ ಇಂಜಿನ್ ತಿರುಗುತ್ತೋ ಇಲ್ಲವೋ ಅಂತ ಪರೀಕ್ಷೆ ಮಾಡೋದು ಮೈನಸ್ 15 ಡಿಗ್ರಿಯಲ್ಲಿ, 5ಡಬ್ಲ್ಯುವನ್ನ ಮೈನಸ್ 30ರಲ್ಲಿ. ನಮ್ಮ ಧಾರವಾಡದ ಡಿಸೆಂಬರ್ ಬೆಳಗ್ಗೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಚಹಾ ಅಂಗಡಿ ಮುಂದೆ ನಡುಗ್ತೀವಲ್ಲ, ಆಗಲೂ ಪಾದರಸ ಸೊನ್ನೆಯ ಹತ್ತಿರಕ್ಕೂ ಹೋಗಲ್ಲ. ನನ್ನ ಹಳೆ ಇಂಜಿನ್ನಿಗೆ 5ಡಬ್ಲ್ಯು ಹಾಕಿದ್ರೆ ಲಡಾಖಿನ ಚಳಿಯ ಸಲುವಾಗಿ ಹುಬ್ಬಳ್ಳಿಯಲ್ಲಿ ದುಡ್ಡು ಕಟ್ಟಿದ ಹಾಗೆ. ಹೊಸ ಇಂಜಿನ್‌ಗಳ ಲೆಕ್ಕ ಬೇರೆ. ಅವುಗಳ ಒಳಗಿನ ಸಂದು ಸಣ್ಣದು, ಕಂಪನಿಯವರು ತೆಳು ಎಣ್ಣೆ ಹೇಳಿದ್ರೆ ತೆಳುವೇ ಹಾಕಬೇಕು.

ಇನ್ನೂ ತಮಾಷೆ ಇದೆ. ತುಟ್ಟಿ ಎಣ್ಣೆ ಕೆಲವು ಸಲ ಹಾಳೂ ಮಾಡುತ್ತೆ. ನಮ್ಮ ಟೀಮಿನ ಹುಡುಗನೊಬ್ಬ ತನ್ನ ಬೈಕಿನ ಮೇಲಿನ ಪ್ರೀತಿಗೆ ಕಾರಿನ ಸಿಂಥೆಟಿಕ್ ಎಣ್ಣೆ ಹಾಕಿಸಿದ. ನವನಗರದ ಏರಿನಲ್ಲಿ ಇಂಜಿನ್ ಕೂಗ್ತಿತ್ತು, ಗಾಡಿ ಮುಂದೆ ಹೋಗ್ತಿರಲಿಲ್ಲ. ಕಾರಿನ ಕೆಲವು ಎಣ್ಣೆಗಳಲ್ಲಿ ತಿಕ್ಕಾಟ ಕಡಿಮೆ ಮಾಡುವ ರಾಸಾಯನಿಕ ಇರುತ್ತೆ. ಕಾರಿನ ಕ್ಲಚ್ಚು ಎಣ್ಣೆಯಿಂದ ದೂರ ಇರೋದರಿಂದ ಅಲ್ಲಿ ಅದು ಉಪಕಾರ. ಬೈಕಿನ ಕ್ಲಚ್ಚು ಎಣ್ಣೆಯಲ್ಲೇ ಮುಳುಗಿರುತ್ತೆ, ಅದಕ್ಕೆ ತಿಕ್ಕಾಟವೇ ಬೇಕು. ಇದಕ್ಕಾಗಿಯೇ ಜಪಾನಿನವರು 1998ರಲ್ಲಿ ಜಾಸೊ ಎಂಎ ಅನ್ನೋ ಗುರುತು ತಂದರು. ಸೋವಿ ಡಬ್ಬಿಯ ಹಿಂದೆ ಈ ಗುರುತು ಇದ್ದರೆ, ಅದು ಇಲ್ಲದ ತುಟ್ಟಿ ಡಬ್ಬಿಗಿಂತ ಆ ಹುಡುಗನ ಬೈಕಿಗೆ ಅದೇ ಛಲೋ.

ನನ್ನ ಬುಲೆಟ್ಟಿನಲ್ಲಿ ಇದೇ ಲೆಕ್ಕ ತಿರುಗಾಮುರುಗಾ. ಇಂಜಿನ್ ಎಣ್ಣೆಗೂ ಕ್ಲಚ್ಚಿಗೂ ಸಂಬಂಧ ಇಲ್ಲ, ಹಾಗಾಗಿ ಅಲ್ಲಿ ಸಾದಾ 20ಡಬ್ಲ್ಯು-50 ಮಿನರಲ್ ಎಣ್ಣೆ ಸಾಕು, ಡಬ್ಬಿ ಮೇಲೆ ಕಾರಿನ ಚಿತ್ರ ಇದ್ದರೂ ನಡೆಯುತ್ತೆ. ಪ್ರೈಮರಿಗೆ ಬೇಕಾಗೋದು ಅರ್ಧ ಲೀಟರಿಗೂ ಕಡಿಮೆ. ಕ್ಲಚ್ ಇರೋದು ಅಲ್ಲೇ, ಆದ್ದರಿಂದ ಜಾಸೊ ಎಂಎ ಗುರುತು ಅಲ್ಲಿ ನೋಡ್ತೀನಿ. ಗೇರ್‌ಬಾಕ್ಸಿಗೆ ದಪ್ಪ 90ರ ಗೇರ್ ಎಣ್ಣೆ. ಜಿಎಲ್-5 ಅಂದ್ರೆ ಜಿಎಲ್-4ಕ್ಕಿಂತ ದೊಡ್ಡ ನಂಬರ್, ಆದ್ದರಿಂದ ಹೆಚ್ಚು ಛಲೋ ಅಂತ ಅಂದ್ಕೋತೀವಿ. ಆದರೆ ಜಿಎಲ್-5ರಲ್ಲಿ ಹೆಚ್ಚಿರುವ ಗಂಧಕದ ರಾಸಾಯನಿಕ ಹಿತ್ತಾಳೆ, ಕಂಚಿನ ಭಾಗಗಳನ್ನ ತಿನ್ನಬಹುದು. ಹಳೆ ಗೇರ್‌ಬಾಕ್ಸಿಗೆ ಸಣ್ಣ ನಂಬರೇ ಹಿತ.

ಅಂದ್ರೆ ಎಣ್ಣೆಗೆ ತನ್ನಷ್ಟಕ್ಕೆ ಒಳ್ಳೆಯದು, ಕೆಟ್ಟದ್ದು ಅನ್ನೋದು ಕಡಿಮೆ. ಯಾವ ಜಾಗಕ್ಕೆ, ಯಾವ ಊರಿಗೆ, ಯಾವ ಕೆಲಸಕ್ಕೆ ಅನ್ನೋದು ಗೊತ್ತಾದ ಮೇಲೆ ಒಳ್ಳೆಯದು ತೀರ್ಮಾನ ಆಗುತ್ತೆ. ಅದನ್ನ ಗೊತ್ತು ಮಾಡ್ಕೊಳ್ಳೋಕೆ ದುಡ್ಡಿಗಿಂತ ಗಮನ ಬೇಕು.

ನಮ್ಮೂರು ಕುಂದಗೋಳ ತಾಲೂಕಿನದು, ಎರಿ ಭೂಮಿ. ಅಜ್ಜನ ಚಕ್ಕಡಿಯ ಅಚ್ಚಿಗೆ ಹಾಕುತ್ತಿದ್ದದ್ದು ಕೀಲೆಣ್ಣೆ: ಔಡಲೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ್ದು. ಮನೆಯಲ್ಲೇ ಆಗುತ್ತಿತ್ತು, ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು. ಸಂತೆಗೆ ಹೋಗುವಾಗ ಅಜ್ಜ ಮಾತಾಡ್ತಾ ಮಾತಾಡ್ತಾ ಸುಮ್ಮನಾಗಿ, "ಗಾಲಿ ಒದರಾಕತ್ತೈತಿ, ನಿಂದರ್ಸು" ಅನ್ನೋರು. ನನಗೆ ಏನೂ ಕೇಳಿಸಿರುತ್ತಿರಲಿಲ್ಲ. ಇಳಿದು ಎಣ್ಣೆ ಹಚ್ಚಿ ಮತ್ತೆ ಹೊರಡೋರು. ಮುಂದೆ ಇಂಜಿನಿಯರಿಂಗ್ ಓದುವಾಗ ಗೊತ್ತಾಯ್ತು, ಕ್ಯಾಸ್ಟ್ರಾಲ್ ಅನ್ನೋ ಹೆಸರು ಬಂದದ್ದೂ ಔಡಲದಿಂದಲೇ ಅಂತ. 1909ರಲ್ಲಿ ವೇಕ್‌ಫೀಲ್ಡ್ ಕಂಪನಿ ತನ್ನ ಹೊಸ ಎಣ್ಣೆಗೆ ಔಡಲೆಣ್ಣೆ ಬೆರೆಸಿ, ಅದರ ಇಂಗ್ಲಿಷ್ ಹೆಸರಿನಿಂದಲೇ ಬ್ರ್ಯಾಂಡ್ ಮಾಡಿತು. ವಿಮಾನಕ್ಕೂ ಚಕ್ಕಡಿಗೂ ಒಂದು ಕಾಲದಲ್ಲಿ ಒಂದೇ ಬೀಜದ ಎಣ್ಣೆ! ನಮ್ಮ ಚಕ್ಕಡಿಯ ಅಚ್ಚು ಬಾಳಿಕೆ ಬಂದದ್ದರಲ್ಲಿ ಅರ್ಧ ಪುಣ್ಯ ಎಣ್ಣೆಯದ್ದು, ಇನ್ನರ್ಧ ಅಜ್ಜನ ಕಿವಿಯದ್ದು.

ಈಗ ನಮ್ಮ ಹತ್ತಿರ ದುಡ್ಡು ಇದೆ, ಕಿವಿ ಇಲ್ಲ. ತುಟ್ಟಿ ಸಿಂಥೆಟಿಕ್ ಹಾಕಿಸೋ ಬಹಳ ಮಂದಿಯ ಮಾತು ಕೇಳಿ ನೋಡಿ: "ಹತ್ತು ಸಾವಿರ ಕಿಲೋಮೀಟರ್ ತಲೆನೋವಿಲ್ಲ ಬಿಡ್ರಿ." ಅವರು ಕೊಂಡದ್ದು ಎಣ್ಣೆಯ ಜೊತೆ ನೋಡದೇ ಇರುವ ಹಕ್ಕನ್ನೂ ಕೂಡ. ನನ್ನ ತಕರಾರು ಇರೋದು ಇಲ್ಲೇ. ಸಮಯಕ್ಕೆ ಸರಿಯಾಗಿ ಬದಲಿಸಿದ ಸಾದಾ ಎಣ್ಣೆ, ಮರೆತು ಬಿಟ್ಟ ಉತ್ತಮ ಎಣ್ಣೆಗಿಂತ ಮೇಲು. ಡಿಪ್‌ಸ್ಟಿಕ್ ತೆಗೆದು, ಒರೆಸಿ, ಮತ್ತೆ ಹಾಕಿ ನೋಡೋಕೆ ಒಂದು ನಿಮಿಷ ಸಾಕು, ಒಂದು ರೂಪಾಯಿಯೂ ಬೇಡ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪ ಇದೆ. ಗಮನವೂ ಒಂದು ಸಂಪತ್ತೇ, ಎಲ್ಲರ ಹತ್ತಿರ ಇರಲ್ಲ. ನೈಟ್ ಡ್ಯೂಟಿ ಮುಗಿಸಿ ಬೆಳಗ್ಗೆ ಮಕ್ಕಳನ್ನ ಸ್ಕೂಲಿಗೆ ಬಿಡೋ ನರ್ಸಮ್ಮನಿಗೆ ಡಿಪ್‌ಸ್ಟಿಕ್ ಪುರಾಣ ಹೇಳೋದು ದೌರ್ಜನ್ಯ. ಒಪ್ಪಿದೆ. ಆಕೆ ತನ್ನ ಸ್ಕೂಟಿಯನ್ನ ನಂಬಿಕೆಯ ಮಿಸ್ತ್ರಿಗೆ ಒಪ್ಪಿಸಿ, "ಅಣ್ಣಾ, ನೋಡ್ಕೋರಿ" ಅಂತ ಹೇಳಿ ಹೋದರೆ ಅದು ಕೈಬಿಟ್ಟಂತೆ ಅಲ್ಲ; ಒಬ್ಬರ ಕೈಗೆ ಕೊಟ್ಟಂತೆ. ಯಾರ ಕೈಗೆ ಕೊಟ್ಟೆ, ಅವರು ಏನು ಮಾಡಿದರು ಅಂತ ಗೊತ್ತಿರಬೇಕು, ಅಷ್ಟೇ. ಡಬ್ಬಿಯ ಮುಚ್ಚಳದೊಳಗೆ ಮಿಸ್ತ್ರಿಗಾಗಿ ಕೂಪನ್ ಇಡುವ ವ್ಯಾಪಾರದಲ್ಲಿ, "ಇದನ್ನೇ ಯಾಕ ಹಾಕ್ತೀರಿ?" ಅಂತ ಒಂದು ಮಾತು ಕೇಳೋದು ಅವಮಾನ ಅಲ್ಲ. ಖಾಲಿ ಡಬ್ಬಿಗೆ ತೂತು ಮಾಡಿ ಬಿಸಾಕೋದೂ ಒಳ್ಳೆಯದು, ಇಲ್ಲದಿದ್ರೆ ಅದೇ ಡಬ್ಬಿಯಲ್ಲಿ ಲೂಸ್ ಎಣ್ಣೆ ತುಂಬಿ ಇನ್ನೊಬ್ಬರಿಗೆ ಮಾರೋರು ಇದಾರೆ.

ಇನ್ನೊಬ್ಬರು ಅಂದೆ. ಈ ಇನ್ನೊಬ್ಬರೇ ನನಗೆ ಮುಖ್ಯ.

"ಹೆಂಗೂ ಮೂರು ವರ್ಷಕ್ಕ ಮಾರ್ತೀನಿ, ಯಾಕ ಅಷ್ಟ ಕಾಳಜಿ?" ಅನ್ನೋ ಮಾತು ನೀವೂ ಕೇಳಿರ್ತೀರಿ. ಎಣ್ಣೆ ಕಡಿಮೆ ಇದ್ದ ಇಂಜಿನ್ ಅವತ್ತೇ ನಿಲ್ಲಲ್ಲ. ಸವೆತ ಒಳಗೊಳಗೇ ಆಗುತ್ತೆ, ಲೆಕ್ಕ ಬರೋದು ಸಾವಿರಾರು ಕಿಲೋಮೀಟರ್ ಆದಮೇಲೆ. ಅಷ್ಟು ಹೊತ್ತಿಗೆ ಗಾಡಿ ಹುಬ್ಬಳ್ಳಿಯಲ್ಲಿ ಇರಲ್ಲ. ನಮ್ಮ ಸೆಕೆಂಡ್ ಹ್ಯಾಂಡ್ ಗಾಡಿಗಳು ನವಲಗುಂದ, ಕಲಘಟಗಿ, ಅಣ್ಣಿಗೇರಿ ಕಡೆ ಹಳ್ಳಿಗಳಿಗೆ ಹೋಗುತ್ತವೆ. ನಮ್ಮೂರಲ್ಲಿ ಒಬ್ಬರು ಡೇರಿಗೆ ಹಾಲು ಹಾಕಿದ ದುಡ್ಡು ಕೂಡಿಸಿ ಹೀಗೇ ಒಂದು ಬೈಕ್ ತಂದರು. ಪೇಂಟ್ ಹೊಳೀತಿತ್ತು, ಸೀಟ್ ಹೊಸದಿತ್ತು. ಮೂರು ತಿಂಗಳಿಗೆ ಸೈಲೆನ್ಸರಿನಿಂದ ನೀಲಿ ಹೊಗೆ. ಬೋರ್ ಮಾಡಿಸಿ ಪಿಸ್ಟನ್ ಹಾಕಿಸೋಕೆ ಒಂದು ಆಕಳು ಮಾರಿದರು. ಮೊದಲ ಮಾಲೀಕ ಕೆಟ್ಟವನಿರಲಿಕ್ಕಿಲ್ಲ. ಅವನು ಈ ಮನುಷ್ಯನನ್ನ ನೋಡಿಯೇ ಇಲ್ಲ.

ನಾವು ಸಾಫ್ಟ್‌ವೇರಿನವರು ಇದನ್ನ ಟೆಕ್ನಿಕಲ್ ಡೆಟ್ ಅಂತೀವಿ. ಇವತ್ತು ಅವಸರದಲ್ಲಿ ಬರೆದ ಕೋಡಿನ ಸಾಲ, ನಾವು ಕಂಪನಿ ಬಿಟ್ಟ ಮೇಲೆ ಬರೋ ಫ್ರೆಶರ್‌ನ ತಲೆ ಮೇಲೆ. ಸಾಲ ಮಾಡಿದವನು ತೀರಿಸೋ ಹಾಗಿದ್ರೆ ಅದು ಅವನ ಇಷ್ಟ. ಬೇರೆಯವರು ತೀರಿಸಬೇಕಾದ ಸಾಲಕ್ಕೆ ಉಳಿತಾಯ ಅನ್ನೋ ಹೆಸರು ಒಪ್ಪಲ್ಲ. ಮಿತವ್ಯಯಕ್ಕೂ ಜುಗ್ಗತನಕ್ಕೂ ನಡುವಿನ ಗೆರೆ ನನಗೆ ಇಲ್ಲಿ ಕಾಣುತ್ತೆ: ಬೇಡದ್ದಕ್ಕೆ ದುಡ್ಡು ಹಾಕದೇ ಉಳಿಸಿದರೆ ಮಿತವ್ಯಯ, ಕಾಣದವರ ಜೇಬಿನಿಂದ ಉಳಿಸಿದರೆ ಜುಗ್ಗತನ. ಡಬ್ಬಿಯ ಬೆಲೆ ಎರಡಕ್ಕೂ ಒಂದೇ ಇರಬಹುದು.

ಅತಿ ಕಾಳಜಿಗೂ ಇದೇ ತಕ್ಕಡಿ. ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸೋ ಭಕ್ತರಿದ್ದಾರೆ. ತೆಗೆದ ಕಪ್ಪು ಎಣ್ಣೆ ಎಲ್ಲಿಗೆ ಹೋಗುತ್ತೆ? ಗ್ಯಾರೇಜಿನ ಮುಂದಿನ ಗಟಾರಕ್ಕೆ ಸುರಿದದ್ದನ್ನ ನಾವೆಲ್ಲ ನೋಡಿದೀವಿ. 2016ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್‌ನಿಂದ ಅದನ್ನ ಮರುಬಳಕೆಗೆ ತಲುಪಿಸೋ ಜವಾಬ್ದಾರಿಯಲ್ಲಿ ಎಣ್ಣೆ ತಯಾರಿಸೋ ಕಂಪನಿಗಳಿಗೂ ಪಾಲು ಬಂದಿದೆ. ನನ್ನ ಇಂಜಿನ್ ಫಳಫಳ ಅನ್ನಲಿ ಅಂತ ಬೇಡದ ಎಣ್ಣೆ ಬದಲಿಸಿ ಓಣಿಯ ಗಟಾರ ಕಪ್ಪು ಮಾಡಿದ್ರೆ, ಅಲ್ಲಿಯೂ ಖರ್ಚು ಕಾಣದವರ ಪಾಲಿಗೇ ಬಂತು. ನಾನು ತೆಗೆದ ಎಣ್ಣೆಯನ್ನ ಹಳೆ ಡಬ್ಬಿಗೆ ತುಂಬಿ, ಡ್ರಮ್ಮಿನಲ್ಲಿ ಕೂಡಿಹಾಕಿ ಮರುಬಳಕೆಗೆ ಕೊಡೋ ಗ್ಯಾರೇಜಿಗೆ ಒಯ್ಯುತ್ತೇನೆ. ಅದಕ್ಕೂ ಖರ್ಚಿಲ್ಲ, ದಾರಿ ಸ್ವಲ್ಪ ಸುತ್ತು.

ದುಡ್ಡು ಕೊಟ್ಟು ಗಮನದಿಂದ ಬಿಡಿಸಿಕೊಳ್ಳೋ ಈ ರೂಢಿ ಗಾಡಿಗೆ ಮಾತ್ರ ನಿಂತಿಲ್ಲ ಅನ್ನೋದೇ ನನ್ನ ನಿಜವಾದ ಚಿಂತೆ. ಊರಲ್ಲಿರೋ ಅಪ್ಪ-ಅವ್ವನಿಗೆ ನಾವು ದೊಡ್ಡ ಹೆಲ್ತ್ ಇನ್ಶೂರೆನ್ಸ್ ಮಾಡಿಸ್ತೀವಿ, ದೊಡ್ಡ ಟಿವಿ ಕಳಿಸ್ತೀವಿ. ಎರಡೂ ಬೇಕಾದದ್ದೇ. ಆದರೆ ಅವ್ವ ಮೆಟ್ಟಿಲು ಹತ್ತುವಾಗ ಮೊದಲಿಗಿಂತ ಒಂದು ಸಲ ಹೆಚ್ಚು ನಿಲ್ತಾಳೆ ಅನ್ನೋದು ಯಾವ ಪಾಲಿಸಿಯ ಕಾಗದದಲ್ಲೂ ಬರಲ್ಲ. ಅದು ಪಕ್ಕದಲ್ಲಿ ನಡೆದವರಿಗೇ ಗೊತ್ತಾಗಬೇಕು. ಅಜ್ಜನಿಗೆ ಕೇಳಿಸಿದ ಗಾಲಿಯ ಸದ್ದು ಅಂಥದ್ದೇ.

ಹಾಗಾದ್ರೆ ಸೋವಿ ಎಣ್ಣೆ ಹಾಕಬಹುದಾ? ಡಬ್ಬಿಯ ಹಿಂದೆ ನಿಮ್ಮ ಗಾಡಿ ಕೇಳೋ ಅಕ್ಷರ ಇದ್ದರೆ, ಅಂಗಡಿ ನಂಬಿಕೆಯದ್ದಾದರೆ, ಸಮಯಕ್ಕೆ ಬದಲಿಸೋ ಮನಸ್ಸಿದ್ದರೆ, ಧಾರಾಳವಾಗಿ ಹಾಕ್ರಿ. ಹಾಸಿಗೆ ಇದ್ದಷ್ಟು ಕಾಲು ಚಾಚೋದರಲ್ಲಿ ನಾಚಿಕೆ ಏನಿಲ್ಲ. ತುಟ್ಟಿದು ಹಾಕಬೇಕು ಅನ್ನಿಸಿದ್ರೂ ಹಾಕ್ರಿ, ಆದರೆ ತಿಂಗಳಿಗೊಮ್ಮೆ ಮಟ್ಟ ನೋಡೋದು ಬಿಡಬ್ಯಾಡ್ರಿ. ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ನಿಮ್ಮ ಗಾಡಿಯ ಪುಸ್ತಕ ಇರುತ್ತೆ. ಬಹುಶಃ ಇನ್ನೂ ಬಿಚ್ಚಿರಲ್ಲ. ಈ ಭಾನುವಾರ ಬಿಚ್ಚಿ, ಎಣ್ಣೆಯ ಪುಟ ಒಂದನ್ನಾದರೂ ಓದಿ ನೋಡ್ರಿ.