ಆಪತ್ತಿನ ಪಾಲು

ಇಂದಿನ ಚಿಂತನೆ ವಿಡಿಯೋ ಗೇಮಿನಿಂದ ಬಂದದ್ದು, ನಗಬೇಡಿ.

ಮಗನ ಜೊತೆ ನಾನೂ ‘ಎಲ್ಡನ್ ರಿಂಗ್’ ಆಡುತ್ತೇನೆ. 2022ರ ಜಪಾನಿ ಆಟ. (ಕೊಲ್ಲುವ ಆಟ ಎಂಬ ನಿಮ್ಮ ಆಕ್ಷೇಪ ಒಪ್ಪಿದೆ.) ಅಲ್ಲಿನ ಹಣಕ್ಕೆ ರೂನ್ ಎನ್ನುತ್ತಾರೆ. ಆಯುಧ ಕೊಳ್ಳಲೂ ಅದೇ, ಶಕ್ತಿ ಹೆಚ್ಚಿಸಿಕೊಳ್ಳಲೂ ಅದೇ. ಸತ್ತರೆ ಇದ್ದುದೆಲ್ಲ ಅಲ್ಲೇ ಬೀಳುತ್ತದೆ. ಮರಳಿ ಹೋಗಿ ಎತ್ತಿಕೊಳ್ಳುವ ಮೊದಲು ಇನ್ನೊಮ್ಮೆ ಸತ್ತರೆ ಪೂರ್ತಿ ಹೋಯಿತು.

ಮುಂದೆ ಬೇಕಾದೀತು ಎಂದು 40,000 ಕೂಡಿಟ್ಟೆ. ಆಮೇಲೆ ಹೊಸ ದಾರಿಗೆ ಕಾಲಿಡಲೇ ಹೆದರಿಕೆ. ಕೊನೆಗೆ ಒಂದೇ ಸಂಜೆ ಎರಡು ಸಲ ಸತ್ತೆ. “ಅಪ್ಪಾ, ಮೊದಲೇ ಖರ್ಚು ಮಾಡಿದ್ರೆ ಸಾಯ್ತಾನೇ ಇರ್ಲಿಲ್ಲ” ಎಂದ ಮಗ.

ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಗಳಿಕೆಯನ್ನು ನಾಲ್ಕು ಪಾಲು ಮಾಡುತ್ತಾರೆ: ಒಂದು ಅನುಭವಿಸಲು, ಎರಡು ದುಡಿಮೆಗೆ, ಒಂದು ಆಪತ್ತಿಗೆ. ಕೂಡಿಡಬೇಡ ಎಂದಿಲ್ಲ. ನಾನು ನಾಲ್ಕನ್ನೂ ಆಪತ್ತಿಗೇ ಇಟ್ಟಿದ್ದೆ.

ಅಮ್ಮನಿಗೆ ಎರಡು ವರ್ಷದಿಂದ ಕಿವಿ ಮಂದ. ಕಿವಿಯ ಮಿಷನ್ನಿಗೆ ಸಾಕಾಗುವಷ್ಟು ದುಡ್ಡು ಎಫ್‌ಡಿಯಲ್ಲಿದೆ, ಅವಧಿ ಮುಗಿಯಲಿ ಎಂದು ಕಾಯುತ್ತಿದ್ದೆ. ನಿನ್ನೆ ಊಟಕ್ಕೆ ಕೂತಾಗ ಮಗ ನನ್ನ ಸೋಲಿನ ಕತೆ ಹೇಳಿದ, ಎಲ್ಲರೂ ನಕ್ಕೆವು. ಅಮ್ಮ ನಮ್ಮ ಮುಖ ನೋಡಿಕೊಂಡು ನಕ್ಕರು.

ಬ್ಯಾಂಕು ಹತ್ತು ಗಂಟೆಗೆ ತೆರೆಯುತ್ತದೆ. ಹೊರಟಿದ್ದೇನೆ.