ಶಿಲುಬೆಯ ಬಳಿ ನಿಂತಿದ್ದ ತಾಯಿ

ಯೋಹಾನ 19ನೇ ಅಧ್ಯಾಯ, 26 ಮತ್ತು 27ನೇ ವಚನ ತೆಗೀರಿ.

ಖಾನಾಪುರದ ನಮ್ಮ ತಂಗಿಯೊಬ್ಬಳ ವಿಷಯ. ಅವಳ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಬೆಂಗಳೂರಿನಲ್ಲಿ ಫುಲ್ ಸ್ಕಾಲರ್‌ಶಿಪ್ ಸಿಕ್ಕಿದೆ: ಫೀಸು, ಹಾಸ್ಟೆಲು, ಊಟ ಎಲ್ಲಾ. ಆದರೆ ಅವ್ವನಿಗೆ ಶುಗರ್, ಕಣ್ಣು ಮಂಜು. ದಿನಾ ಎರಡು ಸಲ ಇನ್ಸುಲಿನ್ ಕೊಡೋದು ಇವಳೇ. ಬೆಳಗಾವಿಯಲ್ಲಿ ಸೇರಿದರೆ ಸುಮಾರು 26 ಕಿಲೋಮೀಟರ್; ಶಕ್ತಿ ಯೋಜನೆಯಿಂದ ಬಸ್ಸು ಫ್ರೀ, ಆದರೆ ಫೀಸು ತಾವೇ ಕಟ್ಟಬೇಕು. "ಪಾಸ್ಟರ್, ದೇವರ ಚಿತ್ತ ಯಾವುದು?" ಅಂತ ಕೇಳಿದಳು.

ಕೆಲವರು "ದೇವರು ಬಾಗಿಲು ತೆರೆದಿದ್ದಾನೆ, ಹೋಗು" ಅಂದರು. ಕೆಲವರು "ತಾಯಿನ ಬಿಟ್ಟು ಹೋಗ್ತೀಯಾ?" ಅಂದರು. ಎರಡೂ ಹೇಳೋದು ಸುಲಭ. ಇಂಜೆಕ್ಷನ್ ಕೊಡೋಕೆ ಯಾರು ಹೋಗ್ತಾರೆ?

ಯೇಸುವನ್ನು ನೋಡಿರಿ. ತಾಯಿಗಾಗಿ ಆತನು ಶಿಲುಬೆಯಿಂದ ಇಳಿಯಲಿಲ್ಲ. ಶಿಲುಬೆಯ ಮೇಲಿದ್ದರೂ ತಾಯಿಯನ್ನು ಮರೆಯಲಿಲ್ಲ. ಪ್ರಿಯ ಶಿಷ್ಯನ ಕೈಗೆ ಒಪ್ಪಿಸಿದನು, ಆ ಶಿಷ್ಯನು ಆಕೆಯನ್ನು ತನ್ನ ಮನೆಯಲ್ಲಿ ಸೇರಿಸಿಕೊಂಡನು. ಹಲ್ಲೆಲೂಯಾ!

ತಂಗಿ, ಸ್ಕಾಲರ್‌ಶಿಪ್ ಷರತ್ತು ಪೂರ್ತಿ ಓದು. ಪ್ರತಿ ವರ್ಷ ಎಷ್ಟು ಅಂಕ ಬೇಕು, ಮಧ್ಯದಲ್ಲಿ ಬಿಟ್ಟರೆ ಹಣ ವಾಪಸ್ ಕೊಡಬೇಕಾ, ಕೇಳು. ಆಮೇಲೆ ಅವ್ವನ ಜೊತೆ ಕೂತು ಪ್ರಾರ್ಥಿಸಿ ತೀರ್ಮಾನ ಮಾಡು. ಉಳಿದರೆ ನೀನು ಸೋತವಳಲ್ಲ. ಹೋದರೆ ತಾಯಿಯನ್ನು ಕೈಬಿಟ್ಟವಳೂ ಅಲ್ಲ.

ಆದರೆ ಸಭೆಯೇ, ಆ ಶಿಷ್ಯನ ಜಾಗದಲ್ಲಿ ನಾವು ನಿಲ್ಲದಿದ್ದರೆ ಅವಳಿಗೆ ಆಯ್ಕೆ ಎಲ್ಲಿದೆ? ಆರಾಧನೆ ಮುಗಿದ ಮೇಲೆ ಖಾನಾಪುರದವರು ಹೋಗಬೇಡಿ, ಇಲ್ಲೇ ನಿಲ್ಲಿರಿ. ಬೆಳಿಗ್ಗೆ ಯಾರು, ರಾತ್ರಿ ಯಾರು, ಹೆಸರು ಬರೆದುಕೊಳ್ಳೋಣ. ಆಮೆನ್.